ಮಹಡಿ ಮೇಲೆ ಬೊಂಬಾಯಿ ಅಂಗಡಿ

ನಮ್ಮ ತೀರ್ಥಹಳ್ಳಿಯಲ್ಲಿ ಆಗ ಯಾರಿಗೂ ಮಹಡಿ ಹತ್ತಿ ಸಾಮಾನು ಕೊಳ್ಳುವ ಅಭ್ಯಾಸ ಇರಲಿಲ್ಲ. ಬಸ್ಸಿನಿಂದ ಇಳಿದವರು ರಸ್ತೆಯಲ್ಲೇ ನಿಂತು, ಅಂಗಡಿಯ ಹಲಗೆಯ ಮೇಲೆ ಒಂದು ಕೈ ಊರಿ, ಬೇಕಾದ್ದನ್ನು ಕೇಳಿ, ಕೊಡೆ ಬಿಡಿಸಿಕೊಂಡು ಹೋಗುವವರು. ಇದು ಗೊತ್ತಿದ್ದೂ ಚಂದ್ರಯ್ಯಗೌಡರು ಎಂಬತ್ತೆರಡನೇ ಇಸವಿಯಲ್ಲಿ ಬಸ್ ಸ್ಟ್ಯಾಂಡಿನ ಎದುರು ಎರಡಂತಸ್ತಿನ ಕಟ್ಟಡ ಕಟ್ಟಿಸಿದರು. ಅದರ ಹಣೆಯ ಮೇಲೆ ಸಿಮೆಂಟಿನಲ್ಲಿ 'ಶಾಪಿಂಗ್ ಸೆಂಟರ್' ಎಂದು ಬರೆಸಿದರು. ಕೆಳಗಿನ ಮೂರು ಮಳಿಗೆಗಳಿಗೆ ಬಾಡಿಗೆದಾರರು ಸಿಕ್ಕಿದರು. ಒಂದರಲ್ಲಿ ಭೂತಪ್ಪನ ಸೈಕಲ್ ಶಾಪು, ಇನ್ನೊಂದರಲ್ಲಿ ನನ್ನ ವಾಚ್ ರಿಪೇರಿ, ನಮ್ಮಿಬ್ಬರ ನಡುವೆ ವಾಸಪ್ಪನ ಫ್ಯಾನ್ಸಿ ಸ್ಟೋರು. ಮೇಲೆ ಒಂದೇ ದೊಡ್ಡ ಹಾಲು. ವರ್ಷ ಕಳೆದರೂ ಅದಕ್ಕೆ ಯಾರೂ ಬರಲಿಲ್ಲ. ಪಾರಿವಾಳಗಳು ಮಾತ್ರ ಬಂದವು.

ವಾಸಪ್ಪ ಮಾರುತ್ತಿದ್ದದ್ದು ರಿಬ್ಬನ್ನು, ಗುಂಡಿ, ಪಿನ್ನು, ಪೌಡರು, ಅಂಗೈಯಗಲದ ಕನ್ನಡಿ. ಅವನಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಊರಿನವರ ನಂಬಿಕೆ. ಹಾಗೆಂದು ಅವನು ಯಾವತ್ತೂ ಹೇಳಿದವನಲ್ಲ. ಪೌಡರ್ ಡಬ್ಬಿಯ ಮೇಲಿದ್ದ ಬರಹವನ್ನು ಗಿರಾಕಿಗಳ ಮುಂದೆ ಗಟ್ಟಿಯಾಗಿ ಓದುತ್ತಿದ್ದ, ಅಷ್ಟೇ. ಕೇಳಿದವರು ತಾವೇ ಅವನನ್ನು ಪಂಡಿತ ಮಾಡಿದರು. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಅವನಿಗೂ ಕಾಣಲಿಲ್ಲ. ಈ ಮಳಿಗೆಗೆ ಬರುವ ಮೊದಲಿನ ಹಳೆಯ ಅಂಗಡಿಯ ಕಾಲವೂ ಸೇರಿ ಹನ್ನೆರಡು ವರ್ಷ ಹೀಗೇ ನಡೆಯಿತು.

ಕಟ್ಟಡ ಎದ್ದ ಮರುವರ್ಷ ಜೂನ್ ಮೊದಲ ವಾರ, ಒಂದು ಮಧ್ಯಾಹ್ನ, ಬಿಳಿ ಅಂಬಾಸಿಡರ್ ಕಾರೊಂದು ನಮ್ಮ ಎದುರು ನಿಂತಿತು. ಸಫಾರಿ ಸೂಟಿನ ಮನುಷ್ಯನೊಬ್ಬ ಇಳಿದು ಕಟ್ಟಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಆಮೇಲೆ ಮೆಟ್ಟಿಲು ಹತ್ತಿ ಹೋಗಿ, ಹಾಲಿನ ಕಿಟಕಿಯಲ್ಲಿ ಇಣುಕಿ, ಹೆಜ್ಜೆ ಹಾಕಿ ಅಳತೆ ಮಾಡಿ, ಇಳಿದು ಬಂದು ನನ್ನ ಅಂಗಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆ ಬೆರಳಿನಿಂದ ಪಕ್ಕದ ಅಂಗಡಿ ತೋರಿಸಿದೆ. ಮುಂದೆ ಆದದ್ದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ಇವತ್ತಿಗೂ ನಂಬಿದ್ದೇನೆ.

ಸಫಾರಿಯವನು ವಾಸಪ್ಪನ ಹತ್ತಿರ ಐದು ನಿಮಿಷ ಮಾತಾಡಿದ. ಮಳೆಗಾಲದ ಹೊಳೆಯಂತೆ ಇಂಗ್ಲಿಷ್ ಹರಿಯಿತು. ನನ್ನ ಕಿವಿಗೆ ಬಿದ್ದದ್ದು 'ಬಾಂಬೆ', 'ಡಿಪಾರ್ಟ್‌ಮೆಂಟ್ ಸ್ಟೋರ್ಸ್', 'ಅಪ್‌ಸ್ಟೇರ್ಸ್' ಇಷ್ಟೇ. ಅವನು ಉಸಿರು ತೆಗೆದುಕೊಂಡಾಗಲೆಲ್ಲ ವಾಸಪ್ಪ "ಯಸ್ ಸಾರ್" ಎಂದ. ಒಂದು ಸಲ "ವೈ ನಾಟ್" ಎಂದೂ ಅಂದ. ಅದು ಎಲ್ಲಿಂದ ಬಂತೋ ನನಗೆ ತಿಳಿಯದು. ಸಫಾರಿಯವನು ಸಂತೋಷದಿಂದ ಕೈಕುಲುಕಿ, ವಾಸಪ್ಪನ ಹೆಸರು ಬರೆದುಕೊಂಡು, ಒಂದು ಚೀಟಿ ಕೊಟ್ಟು ಹೋದ.

ಕಾರು ಮರೆಯಾಗುವ ಮೊದಲೇ ಭೂತಪ್ಪ ಪಂಪು ಕೈಯಲ್ಲಿ ಹಿಡಿದುಕೊಂಡೇ ಬಂದ.

"ಎಂತ ಹೇಳಿದ ಮಾರಾಯ?"

ವಾಸಪ್ಪ ಚೀಟಿಯನ್ನು ನೋಡಿದ. ಅದರ ಮೇಲೆ ಚಿನ್ನದ ಬಣ್ಣದಲ್ಲಿ 'ಸೊರಾಬ್ ಮೆಹತಾ ಅಂಡ್ ಕಂಪನಿ, ಡಿಪಾರ್ಟ್‌ಮೆಂಟ್ ಸ್ಟೋರ್ಸ್' ಎಂದಿತ್ತು. ಅಷ್ಟನ್ನು ಅಕ್ಷರ ಕೂಡಿಸಿ ಓದಲು ಅವನಿಗೆ ಬರುತ್ತಿತ್ತು.

"ಬೊಂಬಾಯಿ ಕಂಪನಿ. ನಮ್ಮ ಮಹಡಿ ಮೇಲೆ ಡಿಪಾರ್ಟ್‌ಮೆಂಟ್ ಸ್ಟೋರ್ ಮಾಡ್ತಾರಂತೆ. ಮಾಡ್ಬೋದಾ ಅಂತ ಕೇಳಿದ್ರು. ಮಾಡಿ ಅಂದೆ."

"ನಿನ್ನ ಕೇಳಿದ್ರಾ?"

"ಮತ್ತೆ ಇಂಗ್ಲಿಷಲ್ಲಿ ಇಲ್ಲಿ ಯಾರನ್ನ ಕೇಳ್ಬೇಕಿತ್ತು?"

ಸಂಜೆಯ ಬಸ್ಸಿನಲ್ಲಿ ಸುದ್ದಿ ಮಂಡಗದ್ದೆಗೆ ಹೋಯಿತು. ಮರುದಿನ ಹೊಸನಗರಕ್ಕೆ, ಮೂರನೇ ದಿನ ಸಾಗರಕ್ಕೆ ಮುಟ್ಟಿತು. ಸಾಗರದ ಬಟ್ಟೆ ವ್ಯಾಪಾರಿಗಳು, ಇಷ್ಟು ದೊಡ್ಡ ಸಾಗರವನ್ನು ಬಿಟ್ಟು ತೀರ್ಥಹಳ್ಳಿಗೆ ಯಾಕೆ ಎಂದು ಬೇಸರಪಟ್ಟುಕೊಂಡರಂತೆ. ಇದನ್ನು ಕೇಳಿ ನಮಗೆಲ್ಲ ಆದ ಸಂತೋಷವನ್ನು ಬರೆಯುವುದು ಸಭ್ಯತೆಯಲ್ಲ.

ತೊಂದರೆಯಿದ್ದದ್ದು ಹೆಸರಿನಲ್ಲಿ. ನಮ್ಮ ಕಡೆ ಡಿಪಾರ್ಟ್‌ಮೆಂಟ್ ಎಂದರೆ ಸರ್ಕಾರದ್ದು. ಹಾಗಾಗಿ ಮೊದಲು ವಿಚಾರಿಸಲು ಬಂದವರು ಫಾರೆಸ್ಟ್ ರೇಂಜರು. ಅವರು ಟೋಪಿ ತೆಗೆಯದೆ ನಿಂತು ಕೇಳಿದರು.

"ವಾಸಪ್ಪ, ಯಾವ ಡಿಪಾರ್ಟ್‌ಮೆಂಟಿಂದಯ್ಯ ಅದು?"

"ಎಲ್ಲಾ ಡಿಪಾರ್ಟ್‌ಮೆಂಟೂ ಇರ್ತದೆ ಸಾರ್."

"ನಮ್ದೂ?"

"ಬಟ್ಟೆ ಡಿಪಾರ್ಟ್‌ಮೆಂಟು, ಪಾತ್ರೆ ಡಿಪಾರ್ಟ್‌ಮೆಂಟು, ಆಟದ ಸಾಮಾನಿನ ಡಿಪಾರ್ಟ್‌ಮೆಂಟು, ಹಾಗೆ ಸಾರ್."

"ಆಟದ ಸಾಮಾನಿಗೆ ಒಂದು ಡಿಪಾರ್ಟ್‌ಮೆಂಟಾ?" ರೇಂಜರು ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಅದಕ್ಕೆ ರೇಂಜರ್ ಯಾರು?"

ವಾಸಪ್ಪನಿಗೆ ಇಷ್ಟೆಲ್ಲ ಹೇಗೆ ಗೊತ್ತಿತ್ತು ಎಂದರೆ, ಹಿಂದೊಮ್ಮೆ ಬೆಂಗಳೂರಿಗೆ ಹೋದಾಗ ಅಂಥದೊಂದು ಅಂಗಡಿಯ ಹೊರಗೆ ನಿಂತಿದ್ದ. ಬಾಗಿಲಲ್ಲಿದ್ದವನ ಮೀಸೆ ನೋಡಿ ಒಳಗೆ ಹೋಗುವ ಧೈರ್ಯವಾಗದೆ, ಗಾಜಿಗೆ ಮೂಗು ಒತ್ತಿ ಅರ್ಧ ಗಂಟೆ ನೋಡಿ ಬಂದಿದ್ದ. ಈಗ ಅವನು ಅದನ್ನು ದಿನಕ್ಕೆ ಹತ್ತು ಸಲ ವರ್ಣಿಸತೊಡಗಿದ. ಸೋಮವಾರ ಸಂತೆಗೆ ಬಂದವರು ಸೊಪ್ಪು, ಮೆಣಸಿನಕಾಯಿ ಮರೆತು ಅವನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು.

"ಹೆಣ್ಣುಗೊಂಬೆ ಇರ್ತದೆ, ನಮ್ಮಷ್ಟೇ ಎತ್ತರ. ಸೀರೆ ಉಟ್ಕೊಂಡು ನಿಂತಿರ್ತದೆ. ದೀಪ ನೋಡಿದ್ರೆ ಮಧ್ಯಾಹ್ನವೇ ಕಣ್ಣು ಕೋರೈಸ್ತದೆ. ಬೇಕಾದ್ದು ನೀವೇ ಕೈಯಲ್ಲಿ ಎತ್ತಿ ನೋಡ್ಬೋದು. ಯಾರೂ ಬೇಡ ಅನ್ನಲ್ಲ."

"ನಾವೇ ಎತ್ಕೊಳ್ಳೋದಾ?" ಎಂದು ಕೇಳಿದವರು ಮಂಡಗದ್ದೆಯ ದುಗ್ಗಮ್ಮ. ಎಪ್ಪತ್ತು ದಾಟಿದ ಹೆಂಗಸು. ಒಂದು ಗುಂಡಿ ಕೊಳ್ಳಲು ಅರ್ಧ ಗಂಟೆ ಚೌಕಾಶಿ ಮಾಡುವುದರಲ್ಲಿ ತಾಲ್ಲೂಕಿಗೇ ಹೆಸರಾದವರು. "ಹಂಗೆ ಎತ್ಕೊಂಡು ಮನೆಗೆ ಹೋದ್ರೆ?"

"ಹೋಗಲ್ಲ ಅಂತ ಅವರಿಗೆ ನಂಬಿಕೆ ದುಗ್ಗಮ್ಮ."

ಅವರು ಇದನ್ನು ಬಹಳ ಹೊತ್ತು ಯೋಚಿಸಿದರು. "ನಮ್ಮನ್ನ ಕಾಣದೇ ನಂಬ್ತಾರಾ," ಎಂದು ತಮಗೇ ಹೇಳಿಕೊಂಡರು. "ಚೌಕಾಶಿ?"

"ಚೌಕಾಶಿ ಇಲ್ಲ. ಬರೆದಷ್ಟೇ."

"ಹಂಗಾದ್ರೆ ಮಾತಾಡೋದು ಎಂತ ಅಲ್ಲಿ?"

"ಮಾತಿಲ್ಲ. ಸುಮ್ನೆ ನೋಡೋದು."

ದೇವರ ಗುಡಿಯಲ್ಲೂ ನಾವು ಆಗಿನಷ್ಟು ಹೊತ್ತು ಸುಮ್ಮನಿದ್ದದ್ದು ನನಗೆ ನೆನಪಿಲ್ಲ.

ಮನೆಯಲ್ಲಿ ವಾಸಪ್ಪನ ಹೆಂಡತಿ ಜಲಜಮ್ಮ ಮಾತ್ರ ಬೇರೆ ರೀತಿ ಯೋಚಿಸುತ್ತಿದ್ದಳು. "ರೀ, ನಿಮಗೆ ಇಂಗ್ಲಿಷ್ ಬರಲ್ಲ ಅನ್ನೋದು ಈ ಊರಲ್ಲಿ ಗೊತ್ತಿರೋದು ನನಗೊಬ್ಳಿಗೆ. ಅವರು ಕೇಳಿದ್ದು ಎಂತ ಅಂತ ಸರಿಯಾಗಿ ತಿಳ್ಕೊಂಡಿದ್ದೀರಾ?" ಎಂದಳು. ವಾಸಪ್ಪ, "ಮುಖ ನೋಡಿದ್ರೆ ಗೊತ್ತಾಗ್ತದೆ" ಎಂದು ಹೇಳಿ ಊಟ ಮುಗಿಸಿದ.

ಆ ವಾರವೇ ಜಲಜಮ್ಮನ ಅಣ್ಣ ಅಂಜನಪ್ಪ ಹೊಸನಗರದಿಂದ ಮಗಳು ತುಂಗಾಳನ್ನು ಕರೆದುಕೊಂಡು, ಟ್ರಂಕು ಸಮೇತ ಬಂದಿಳಿದ. ತುಂಗಾ ಪಿಯುಸಿ ಮುಗಿಸಿದ್ದಳು.

"ಭಾವ, ಇವಳನ್ನ ನಿಮ್ಮ ಅಂಗಡೀಲಿ ಒಂದು ಕಡೆ ನಿಲ್ಸಿ. ಗೊಂಬೆ ಪಕ್ಕ ಆದ್ರೂ ಸರಿ."

"ನಮ್ಮ ಅಂಗಡಿ ಅಲ್ಲ ಅಂಜನಪ್ಪ, ಕಂಪನಿಯದ್ದು."

"ನೀವು ಒಪ್ಪಿದ್ದಕ್ಕೇ ತಾನೆ ಬರ್ತಿರೋದು. ಹೊಸನಗರದಲ್ಲಿ ಎಲ್ಲಾ ಹಂಗೇ ಹೇಳ್ತಾರೆ. ನೀವೇ ಮ್ಯಾನೇಜರಂತೆ."

ವಾಸಪ್ಪ ಅಲ್ಲ ಎನ್ನಲಿಲ್ಲ. ಅಲ್ಲ ಎನ್ನದಿರುವುದರಲ್ಲಿ ಅವನಿಗೆ ಹನ್ನೆರಡು ವರ್ಷದ ಅನುಭವವಿತ್ತು. ಮರುದಿನದಿಂದ ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರತೊಡಗಿದ.

ಚಂದ್ರಯ್ಯಗೌಡರು ಅಲ್ಲಿಯವರೆಗೆ ಸುಮ್ಮನಿದ್ದರು. ಆ ಮಹಡಿ ಕಟ್ಟಿಸಿದ ದಿನದಿಂದ ಅವರ ಮನೆಯಲ್ಲಿ ಅದನ್ನು 'ಪಾರಿವಾಳದ ಗೂಡು' ಎಂದೇ ಕರೆಯುತ್ತಿದ್ದರು. ಈಗ ಅವರು ಒಂದು ಬೆಳಗ್ಗೆ ಜೀಪಿನಲ್ಲಿ ಬಂದು, ನಮ್ಮ ಮೂವರನ್ನೂ ಕರೆದರು.

"ಬೊಂಬಾಯಿಯೋರು ಮೇಲಿಂದು ಮಾತ್ರ ಯಾಕೆ ತಗೋತಾರೆ? ಇಡೀ ಕಟ್ಟಡನೇ ಬೇಕು ಅಂತಾರೆ. ಹಿಂದಿನಿಂದ ಗಲಾಟೆ ಬೇಡ. ನೀವು ಮೂರೂ ಜನ ಆಗಸ್ಟ್ ಒಳಗೆ ಖಾಲಿ ಮಾಡಿ ಕೊಡ್ಬೇಕು."

ಭೂತಪ್ಪ ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟ. "ನಾನೆಲ್ಲಿ ಹೋಗ್ಲಿ ಗೌಡ್ರೆ?"

"ವಾಸಪ್ಪನಿಗೇನೂ ತೊಂದರೆ ಇಲ್ಲ, ಮ್ಯಾನೇಜರ್ ಆಗ್ತಾನೆ. ನೀವಿಬ್ರು ಬೇರೆ ಕಡೆ ನೋಡ್ಕಳಿ."

ಖಾಲಿ ಮಾಡಬೇಕೆಂದು ಬರೆದ ಮೂರು ಚೀಟಿಗಳನ್ನು ಕೈಗಿಟ್ಟು ಹೋದರು. ಭೂತಪ್ಪ ಅವತ್ತಿನಿಂದ ವಾಸಪ್ಪನ ಜೊತೆ ಮಾತು ಬಿಟ್ಟ. ನಾನು ಬಿಡಲಿಲ್ಲ, ಆದರೆ ಅವನು ರಿಪೇರಿಗೆ ಕೊಟ್ಟಿದ್ದ ಗಡಿಯಾರವನ್ನು ಮುಟ್ಟದೆ ಹಾಗೇ ಇಟ್ಟೆ. ನಿಜ ಹೇಳಬೇಕೆಂದರೆ ನಮ್ಮ ಹೊಟ್ಟೆಪಾಡು ಹೋಗುವಂತಿತ್ತು. ಆದರೂ ಆ ಸೀರೆಯುಟ್ಟ ಗೊಂಬೆಯನ್ನು ಒಮ್ಮೆ ನೋಡಿಯೇ ಹೋಗಬೇಕು ಎಂದು ನಮ್ಮಿಬ್ಬರ ಮನಸ್ಸಿನಲ್ಲೂ ಇತ್ತು.

ಜುಲೈ ಮೊದಲ ವಾರ ಬೊಂಬಾಯಿಯಿಂದ ವಾಸಪ್ಪನ ಹೆಸರಿಗೆ ಕಾಗದ ಬಂತು. ಪೋಸ್ಟ್‌ಮ್ಯಾನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ವಾಸಪ್ಪ ಎಲ್ಲರ ಎದುರು ಒಡೆದು, ತುಟಿ ಆಡಿಸುತ್ತ ಓದಿದ. ಅದರಲ್ಲಿ ಅವನಿಗೆ ಹತ್ತಿದ ಪದಗಳು ನಾಲ್ಕು: ಸ್ಟೋರ್, ಅಪ್‌ಸ್ಟೇರ್ಸ್, ಫಿಫ್ಟೀನ್ ಜುಲೈ, ಥ್ಯಾಂಕಿಂಗ್ ಯೂ. ಅವನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದ: "ಹದಿನೈದನೇ ತಾರೀಕು ಓಪನಿಂಗು."

ಆಮೇಲಿನ ಒಂದು ವಾರ ಊರಿಗೆ ಊರೇ ತಲೆ ಬಾಚಿಕೊಂಡಿತು. ಗೌಡರು ಹಾಲಿಗೆ ಸುಣ್ಣ ಬಳಿಸಿದರು, ಪಾರಿವಾಳಗಳನ್ನು ಓಡಿಸಿದರು, ಆರು ಟ್ಯೂಬ್‌ಲೈಟ್ ಹಾಕಿಸಿದರು. ವಾಲಗದವರಿಗೆ ವೀಳ್ಯ ಕೊಟ್ಟಾಯಿತು. ಮೆಟ್ಟಿಲು ಹತ್ತಿ ಅಭ್ಯಾಸವಾಗಲಿ ಎಂದು ಕೆಲವರು ಸಂಜೆ ಹೊತ್ತು ಸುಮ್ಮನೆ ಮೇಲೆ ಹೋಗಿ ಕೆಳಗೆ ಬರುತ್ತಿದ್ದರು.

ಹದಿನಾಲ್ಕನೇ ತಾರೀಕು ಬೆಳಗ್ಗೆ ಜಲಜಮ್ಮ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿದ್ದ ಕಾಗದ ಸಿಕ್ಕಿತು. ಅವಳು ಅದನ್ನು ತುಂಗಾಳ ಕೈಗೆ ಕೊಟ್ಟಳು. ತುಂಗಾ ಎರಡು ಸಲ ಓದಿ, ಮಾವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಮಾವ, ಇದರಲ್ಲಿ ಅಂಗಡಿ ತೆಗೀತೀವಿ ಅಂತ ಇಲ್ಲ."

"ಸ್ಟೋರ್ ಅಂತ ಇದ್ಯಲ್ಲ."

"ಸ್ಟೋರ್ ಅಂದ್ರೆ ಇಲ್ಲಿ ಸಾಮಾನು ಇಡೋದು ಅಂತ. ಅವರ ಅಂಗಡಿ ಉಡುಪೀಲಿ. ಘಾಟಿ ಇಳಿಯೋ ಮೊದ್ಲು ಲಾರಿಯ ಮಾಲನ್ನ ಮೇಲ್ಗಡೆ ಎರಡು ದಿನ ಇಟ್ಕೊಳ್ಳೋಕೆ ನೀವು ಒಪ್ಪಿದ್ದಕ್ಕೆ ಉಪಕಾರ ಆಯ್ತು ಅಂತ ಬರ್ದಿದ್ದಾರೆ."

ವಾಸಪ್ಪ ಒಲೆಯ ಮುಂದೆ ಕೂತುಬಿಟ್ಟ. ಜಲಜಮ್ಮ ಬೈಯಲಿಲ್ಲ. ಅದರಿಂದ ಅವನಿಗೆ ಇನ್ನೂ ಭಯವಾಯಿತು. "ಈಗ್ಲೇ ಹೋಗಿ ಗೌಡ್ರಿಗೆ ಹೇಳಿ" ಎಂದಷ್ಟೇ ಅಂದಳು.

ಅವನು ಹೋದ. ಗೌಡರು ಜಗಲಿಯಲ್ಲಿ ಹೊಸ ಪಂಚೆಯನ್ನು ನೋಡುತ್ತ ಕೂತಿದ್ದರು.

"ಗೌಡ್ರೆ, ಒಂದು ಮಾತು ಹೇಳ್ಬೇಕಿತ್ತು."

"ಬಾ ವಾಸಪ್ಪ, ಮೇಲೆ ಕೂತ್ಕ. ಕೆಳಗೆ ಯಾಕೆ ಕೂರ್ತೀಯ."

"ಅಲ್ಲ, ಆ ಕಂಪನಿ ವಿಷ್ಯ."

"ಅದನ್ನೇ ಮನೇಲಿ ಹೇಳ್ತಿದ್ದೆ. ಪಾರಿವಾಳದ ಗೂಡು ಅಂತ ನಗಾಡ್ತಿದ್ರಲ್ಲ, ನಾಳೆ ಬಂದು ನೋಡಿ ಅಂದೆ. ನಿನ್ನಿಂದ ನನ್ನ ಮಹಡಿಗೆ ಮರ್ಯಾದೆ ಬಂತು." ಗೌಡರು ಒಳಗೆ ತಿರುಗಿ ಕೂಗಿದರು. "ವಾಸಪ್ಪನಿಗೆ ಕಡುಬು ತಂದ್ಕೊಡಿ."

ಕಡುಬು ಬಂತು. ಅದರ ಮೇಲೆ ತುಪ್ಪ ಬಂತು. ವಾಸಪ್ಪ ಆರು ಕಡುಬು ತಿಂದು, ಹೇಳದೆ ವಾಪಸ್ಸು ಬಂದ. ಅವನು ಮೂರು ಸಲ ಬಾಯಿ ತೆರೆದನಂತೆ. ಮೂರು ಸಲವೂ ಅದರೊಳಗೆ ಕಡುಬು ಹೋಯಿತಂತೆ.

ಹದಿನೈದನೇ ತಾರೀಕು ಬೆಳಗ್ಗೆ ಹನ್ನೊಂದಕ್ಕೆ, ಜೋರು ಮಳೆಯಲ್ಲಿ, ಲಾರಿ ಬಂತು. ರಸ್ತೆಯ ಎರಡೂ ಕಡೆ ಕರಿ ಕೊಡೆಗಳ ಸಾಲು. ವಾಲಗ ಶುರುವಾಯಿತು. ಲಾರಿ ನಿಂತ ಕೂಡಲೇ ಗೌಡರು ಮುಂದೆ ಹೋಗಿ, ಬಾಗಿಲು ತೆಗೆದು ಇಳಿದ ಮೊದಲನೆಯವನ ಕೊರಳಿಗೆ ಹಾರ ಹಾಕಿದರು. ಅವನು ಡ್ರೈವರು. ಬಾಯಲ್ಲಿ ಬೀಡಿ ಇದ್ದದ್ದರಿಂದ ಅವನು ಏನೂ ಹೇಳಲಿಲ್ಲ. ಇನ್ನೊಂದು ಕಡೆಯಿಂದ ಇಳಿದವನು ಸಣ್ಣಗೆ, ಉದ್ದಕ್ಕೆ ಇದ್ದ, ಕಂಕುಳಲ್ಲಿ ಫೈಲು. ಕಂಪನಿಯ ಗುಮಾಸ್ತ, ದಾವಣಗೆರೆ ಕಡೆಯ ಮಂಜುನಾಥಪ್ಪ. ಅವನು ವಾಲಗವನ್ನೂ ಕೊಡೆಗಳನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಇಲ್ಲೇನ್ ಮದುವಿ ಐತೇನ್ರಿ? ಗೋಡೌನ್ ಎಲ್ಲೈತಿ? ದಾರ್ಯಾಗ ತಾಡಪಾಲು ಹರೀತು. ಮಾಲೆಲ್ಲ ನೆನದೈತಿ, ಲಗೂನ ಇಳಿಸ್ಬೇಕು."

ವಾಲಗ ನಿಂತಿತು. "ಗೋಡೌನಾ? ಅಂಗಡಿ ಅಲ್ಲನಾ?" ಎಂದರು ಗೌಡರು.

"ಅಂಗಡಿ ಉಡುಪಿಯಾಗ್ರಿ. ಇಲ್ಲಿ ಮಾಲು ಇಡಾಕ ಅಷ್ಟ. ವಾಸಪ್ಪ ಅನ್ನೋರು ಒಪ್ಪ್ಯಾರ ಅಂತ ಸಾಹೇಬ್ರು ಹೇಳಿದ್ರು."

ಕೊಡೆಗಳೆಲ್ಲ ಒಟ್ಟಿಗೆ ವಾಸಪ್ಪನ ಕಡೆ ತಿರುಗಿದವು. ಅವನು ಇಸ್ತ್ರಿ ಅಂಗಿಯಲ್ಲಿ ಮೆಟ್ಟಿಲ ಹತ್ತಿರ ನಿಂತಿದ್ದ. ಓಡಿಹೋಗಲು ಹಿಂದುಗಡೆ ದಾರಿಯಿತ್ತು. ಅದು ನನಗೆ ಗೊತ್ತು, ಅವನಿಗೂ ಗೊತ್ತಿತ್ತು. ಅವನು ಮುಂದೆ ಬಂದು ಮಳೆಯಲ್ಲಿ ನಿಂತ.

"ನನಗೆ ಇಂಗ್ಲಿಷ್ ಬರಲ್ಲ," ಎಂದ. "ಆವತ್ತು ಅವರು ಎಂತ ಕೇಳಿದ್ರು ಅಂತ ಗೊತ್ತಾಗ್ಲಿಲ್ಲ. ಯಸ್ ಅಂದೆ. ಕಾಗ್ದನೂ ಗೊತ್ತಾಗ್ಲಿಲ್ಲ. ನಿನ್ನೆ ಗೊತ್ತಾಯ್ತು. ನಿನ್ನೆ ಹೇಳ್ಬೇಕಿತ್ತು. ಕಡುಬು ತಿಂದ್ಕೊಂಡು ಬಂದೆ."

ಒಂದು ತಿಂಗಳಿಂದ ಮಾತಾಡದಿದ್ದ ಭೂತಪ್ಪ ಕೇಳಿದ. "ಮತ್ತೆ ಆ ಪೌಡರ್ ಡಬ್ಬಿ ಓದ್ತಿದ್ದದ್ದು?"

"ಅದು ಬಾಯಿಪಾಠ."

ಯಾರೋ ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಗೌಡರು ಹೋಗಿ ಜೀಪಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಮಾಸ್ತಿಕಟ್ಟೆ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಇಳಿದು, ಬಾಳೆಬರೆ ಘಾಟಿಯಲ್ಲಿ ಗುಡ್ಡ ಕುಸಿದಿದೆ, ಎಂಟು ದಿನ ದಾರಿಯಿಲ್ಲ ಎಂದು ಹೇಳಿದ. ಆಗುಂಬೆ ಘಾಟಿಯಲ್ಲಿ ಲಾರಿ ಬಿಡುವುದಿಲ್ಲ. ಮಂಜುನಾಥಪ್ಪ ಫೈಲನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ.

"ನನ್ನ ನೌಕರಿ ಹೋತ್ರಿ," ಎಂದ. "ಎಂಟು ದಿನಕ್ಕ ಮಾಲೆಲ್ಲ ಕೊಳೀತೈತಿ."

ದುಗ್ಗಮ್ಮ ಗುಂಪಿನಿಂದ ಬಂದು, ಲಾರಿಯ ಒಂದು ಪೆಟ್ಟಿಗೆಯ ಸಂದಿಗೆ ಬೆರಳು ತೂರಿಸಿ ನೋಡಿದರು.

"ಒಳಗೆ ಬಟ್ಟೆಯೇನಪ್ಪ?"

"ಬಟ್ಟಿ, ಬೊಂಬಿ, ಗಡಿಯಾರ, ಎಲ್ಲಾ ಐತಿ ಅಜ್ಜಿ."

"ನಾಳೆಗೇ ಬೂಷ್ಟು ಹಿಡೀತದೆ. ಇವತ್ತೇ ಬಿಡಿಸಿ ಕೆಂಡದ ಮೇಲೆ ಒಣಗಿಸ್ಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗಿಸೋದು ನಮಗೆ ಹೇಳಿಕೊಡೋದು ಬೇಡ." ಅವರು ವಾಸಪ್ಪನ ಕಡೆ ತಿರುಗಿದರು. "ಎಂತ ನಿಂತ್ಕಂಡಿದೀಯ? ಹೊರು."

ಹಾಲಿನ ಬೀಗದಕೈ ಗೌಡರ ಹತ್ತಿರ ಇತ್ತು. ಎಲ್ಲರೂ ಜೀಪನ್ನು ನೋಡಿದೆವು. ಆಮೇಲೆ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಬೆರಳಲ್ಲಿ ಬೀಗದಕೈ. ಮುಖ ಮಾತ್ರ ಇನ್ನೊಂದು ಕಡೆಗೇ ಇತ್ತು.

ಐವತ್ತಕ್ಕೂ ಹೆಚ್ಚು ಪೆಟ್ಟಿಗೆಗಳು ಸರಪಳಿಯಂತೆ ಕೈಯಿಂದ ಕೈಗೆ ಮೇಲೆ ಹೋದವು. ವಾಲಗದವರೂ ಹೊತ್ತರು, ರೇಂಜರೂ ಹೊತ್ತರು. ಹೆಂಗಸರು ಮನೆಯಿಂದ ಅಗ್ಗಿಷ್ಟಿಕೆ ತಂದರು, ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿದರು, ಎಳೆಮಕ್ಕಳ ಬಟ್ಟೆ ಒಣಗಿಸುವ ಹಾಗೆ ಅದರ ಮೇಲೆ ಒಂದೊಂದೇ ಸೀರೆಯನ್ನು ಹರಡಿದರು. ಸಂಜೆಯ ಹೊತ್ತಿಗೆ ಗೌಡರ ಮನೆಯಿಂದ ನಾಲ್ಕು ಮೂಟೆ ಇದ್ದಲು ಬಂತು. ಹಿಂದೆಯೇ ಗೌಡರೂ ಬಂದು, ಮೂಲೆಯಲ್ಲಿ ನಿಂತು, ತಾವು ಹಾಕಿಸಿದ ಟ್ಯೂಬ್‌ಲೈಟುಗಳನ್ನು ಹೊತ್ತಿಸಿದರು.

ಆಗ ನಾವು ನೋಡಿದೆವು.

ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಟ್ಟಿದ ಹಗ್ಗಗಳಲ್ಲಿ, ನಾವು ಹೆಸರೂ ಕೇಳಿರದ ಬಣ್ಣಗಳ ಸೀರೆಗಳು ತೂಗುತ್ತಿದ್ದವು. ಕಿಟಕಿಯ ಕಟ್ಟೆಗಳ ಮೇಲೆ ಗಾಜಿನ ದೀಪಗಳು ಸಾಲಾಗಿದ್ದವು. ಒಂದು ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ, ಮಡಿಸಿದರೆ ಚೀಲದೊಳಗೆ ಹೋಗುವ ಪುಟ್ಟ ಕೊಡೆಗಳಿದ್ದವು. ವರ್ಷಕ್ಕೆ ಆರು ತಿಂಗಳು ಕೊಡೆಯ ಕೆಳಗೆ ಬದುಕುವ ಜನ ನಾವು. ಮೊದಲ ಕೊಡೆ ಬಿಚ್ಚಿಕೊಂಡಾಗ ರೇಂಜರು ಟೋಪಿ ತೆಗೆದರು. ನಡುವೆ ಮೂರು ಹೆಣ್ಣುಗೊಂಬೆಗಳು ನಿಂತಿದ್ದವು. ಅವುಗಳ ಬಟ್ಟೆ ಒಣಗುವವರೆಗೆ ಹಾಗೆ ನಿಲ್ಲಿಸುವುದು ಸರಿಯಲ್ಲವೆಂದು ಹೆಂಗಸರು ತಮ್ಮ ಮನೆಯ ಸೀರೆಗಳನ್ನು ತಂದು ಉಡಿಸಿದ್ದರು. ದುಗ್ಗಮ್ಮ ಮೂವರಿಗೂ ಕುಂಕುಮ ಇಟ್ಟಿದ್ದರು. "ಮನೆಗೆ ಬಂದೋರು" ಎಂದರು.

ನನ್ನ ಪಾಲಿಗೆ ಬಂದದ್ದು ಒಂದು ಗೋಡೆ ಗಡಿಯಾರ. ಗಂಟೆಗೊಮ್ಮೆ ಬಾಗಿಲು ತೆಗೆದು ಹಕ್ಕಿ ಹೊರಗೆ ಬಂದು ಕೂಗುವಂಥದು. ಹಾಗೆ ಒಂದಿದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು, ನಾನು ನಂಬಿರಲಿಲ್ಲ. ನೀರು ಹೋಗಿ ನಿಂತುಬಿಟ್ಟಿತ್ತು. ಎರಡು ದಿನ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸಿದೆ. ಮೂರನೇ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಆ ಹಕ್ಕಿ ಹೊರಗೆ ಬಂದು ನಾಲ್ಕು ಸಲ ಕೂಗಿತು. ಹಾಲಿನಲ್ಲಿದ್ದ ನೂರು ಜನ ಇದ್ದಲ್ಲೇ ನಿಂತರು. ಹಕ್ಕಿ ಒಳಗೆ ಹೋಯಿತು. ಯಾರೂ ಮನೆಗೆ ಹೋಗಲಿಲ್ಲ. ಐದು ಗಂಟೆಯವರೆಗೆ ಕಾದೆವು.

ಎಂಟು ದಿನವೂ ಹಳ್ಳಿಗಳಿಂದ ಜನ ಬಂದರು. ಸಾಗರದಿಂದ ಬಟ್ಟೆ ವ್ಯಾಪಾರಿಗಳೂ ಬಂದು ಹೋದರು. ಅವರಿಗೆ ಗೋಡೌನು ಎಂದು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಎಲ್ಲರೂ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಕೈ ತೊಳೆದು, ಒಣಗಿದ್ದನ್ನು ಮಡಿಸಿ, ಒಣಗದ್ದನ್ನು ತಿರುವಿ ಹಾಕಿ, ಸುಮ್ಮನೆ ನೋಡಿ ಹೋಗುತ್ತಿದ್ದರು. ಮಂಜುನಾಥಪ್ಪ ಮೊದಲ ದಿನ ಬಾಗಿಲಲ್ಲಿ ಕಣ್ಣಿಟ್ಟು ಕಾದ. ಎರಡನೇ ದಿನ ಕೂತು ಕಾದ. ಮೂರನೇ ದಿನದಿಂದ ಮಧ್ಯಾಹ್ನ ಮಲಗತೊಡಗಿದ. ತುಂಗಾ ಅವನ ಇಂಗ್ಲಿಷ್ ಪಟ್ಟಿ ಹಿಡಿದು ಯಾವುದು ಎಲ್ಲಿದೆ ಎಂದು ಗುರುತು ಹಾಕುತ್ತಿದ್ದಳು.

ಜಲಜಮ್ಮ ಮಾತ್ರ ಆರು ದಿನ ಬರಲಿಲ್ಲ. ಗಂಡನ ಹೆಸರು ಊರ ಬಾಯಿಗೆ ಬಿದ್ದದ್ದರಿಂದ ಅವಳಿಗೆ ನಾಚಿಕೆ. ಏಳನೇ ದಿನ ವಾಸಪ್ಪ ಹೋಗಿ, "ನೀನೊಬ್ಳು ನೋಡದೆ ಹೋದ್ರೆ ನಾನು ಬೆಪ್ಪಾಗಿದ್ದು ಎಂತಕ್ಕೂ ಬರಲ್ಲ" ಎಂದು ಹೇಳಿ ಕರೆದುಕೊಂಡು ಬಂದ. ಅವಳು ಹಗ್ಗಗಳ ನಡುವೆ ನಡೆದು ಬಂದು ಗೋಡೆಗೆ ಒರಗಿಸಿದ್ದ ಕನ್ನಡಿಯ ಮುಂದೆ ತಟ್ಟನೆ ನಿಂತಳು. ಆಳೆತ್ತರದ ಕನ್ನಡಿ. ಎದುರಿಗೆ ಬಂದವರಿಗೆ ದಾರಿ ಬಿಡುವಂತೆ ಮೊದಲು ಪಕ್ಕಕ್ಕೆ ಸರಿದಳು. ಆಮೇಲೆ ತಿಳಿಯಿತು.

ಬಹಳ ಹೊತ್ತು ನಿಂತಿದ್ದಳು. ಪಾದ ನೋಡಿದಳು, ನೆರಿಗೆ ನೋಡಿದಳು, ಮುಖ ನೋಡಿದಳು.

"ನಾನು ಇಷ್ಟು ಎತ್ತರ ಇದ್ದೀನಾ?" ಎಂದು ಕೇಳಿದಳು.

ಹನ್ನೆರಡು ವರ್ಷ ಅಂಗೈಯಗಲದ ಕನ್ನಡಿ ಮಾರಿದವನು ವಾಸಪ್ಪ. ಅವನೂ ಪಕ್ಕದಲ್ಲಿ ನಿಂತು, ತಾವಿಬ್ಬರೂ ಒಟ್ಟಿಗೆ ಹೇಗೆ ಕಾಣುತ್ತೇವೆಂದು ನೋಡಿದ. ನಾನು ಗಡಿಯಾರದ ಕಡೆ ತಿರುಗಿಕೊಂಡೆ.

ಒಂಬತ್ತನೇ ದಿನ ಘಾಟಿ ತೆರೆಯಿತು. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆವು. ಖಾಲಿ ಮಾಡುವ ಚೀಟಿಯ ಬಗ್ಗೆ ಭೂತಪ್ಪ ಗೌಡರನ್ನು ಕೇಳಿದ. "ಯಾವ ಚೀಟಿ?" ಎಂದರು ಗೌಡರು. ಅಲ್ಲಿಗೆ ಆ ಮಾತು ಮುಗಿಯಿತು. ಗೌಡರ ಮನೆಯವರು ಬಂದು ಮಹಡಿ ನೋಡಿ ಹೋಗಿದ್ದರು. ಗೌಡರಿಗೆ ಅಷ್ಟು ಸಾಕಿತ್ತು. ಉಡುಪಿಯ ಅಂಗಡಿಗೆ ಹುಡುಗಿಯರು ಬೇಕಾಗುತ್ತಾರೆ ಎಂದು ಮಂಜುನಾಥಪ್ಪ ತುಂಗಾಳ ವಿಳಾಸ ಬರೆದುಕೊಂಡ. ಆಮೇಲೆ ಪಟ್ಟಿ ತೆಗೆದು, ಪ್ರತಿ ಪೆಟ್ಟಿಗೆಯನ್ನೂ ತೆರೆದು ನೋಡುತ್ತ ಬಂದ. ಒಂದು ಪಿನ್ನೂ ಕಡಿಮೆ ಬರಲಿಲ್ಲ. ಕೊನೆಯ ಪೆಟ್ಟಿಗೆಯಲ್ಲಿ ನಿಂತುಬಿಟ್ಟ.

"ಒಂದು ಹೆಚ್ಚೈತಲ್ರಿ," ಎಂದ.

ಗಾಜಿನ ದೀಪಗಳ ನಡುವೆ, ಹುಲ್ಲು ಸುತ್ತಿ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಭರಣಿ ಇತ್ತು. ಬಿಚ್ಚಿದರೆ ಅಪ್ಪೆಮಿಡಿ ಉಪ್ಪಿನಕಾಯಿ. ಪರಿಮಳ ಹಾಲೆಲ್ಲ ಹರಡಿತು.

"ನಾನೇ ಇಟ್ಟಿದ್ದು," ಎಂದರು ದುಗ್ಗಮ್ಮ. "ಎಂಟು ದಿನ ಎಲ್ಲಾ ನೋಡಿದೆ. ಸೀರೆ ಇದೆ, ಕೊಡೆ ಇದೆ, ಹಕ್ಕಿ ಇದೆ. ಒಂದು ಮಿಡಿ ಉಪ್ಪಿನಕಾಯಿ ಇಲ್ಲ. ಅಷ್ಟು ದೊಡ್ಡ ಅಂಗಡಿಗೆ ಬಂದೋರು ಎಂತ ತಿಳ್ಕೋತಾರೆ?"

ಮಂಜುನಾಥಪ್ಪನಿಗೆ ಕಡಿಮೆ ಬಂದರೆ ಏನು ಬರೆಯಬೇಕೆಂದು ಗೊತ್ತಿತ್ತು. ಹೆಚ್ಚು ಬಂದರೆ ಏನು ಮಾಡಬೇಕೆಂದು ಕಂಪನಿ ಹೇಳಿಕೊಟ್ಟಿರಲಿಲ್ಲ. ಅವನು ಸ್ವಲ್ಪ ಹೊತ್ತು ಪೆನ್ನು ಕಚ್ಚಿದ. ಆಮೇಲೆ ಇಂಗ್ಲಿಷ್ ಪಟ್ಟಿಯ ಕೊನೆಗೆ, ಜಾಗ ಸಾಲದೆ ಓರೆಯಾಗಿ, ಕನ್ನಡದಲ್ಲಿ ಬರೆದ: 'ಮಿಡಿ ಉಪ್ಪಿನಕಾಯಿ, ಒಂದು ಭರಣಿ, ತೀರ್ಥಹಳ್ಳಿ.' ಕೆಳಗೆ ರುಜು ಹಾಕಿದ.

ಮಳೆ ಬಿಟ್ಟಿತ್ತು. ಲಾರಿ ಹೊರಟಿತು. ಇಡೀ ಊರು ರಸ್ತೆಯಲ್ಲಿ ನಿಂತು, ಮಗಳನ್ನು ಕಳಿಸಿಕೊಟ್ಟವರ ಹಾಗೆ ನೋಡುತ್ತಿತ್ತು. ಮಂಜುನಾಥಪ್ಪ ಕಿಟಕಿಯಿಂದ ಕೈ ಮುಗಿದ. ಲಾರಿ ತಿರುವಿನ ಹತ್ತಿರ ಹೋಗುವಾಗ ದುಗ್ಗಮ್ಮನಿಗೆ ಏನೋ ನೆನಪಾಗಿ, ಸೀರೆ ಎತ್ತಿಕಟ್ಟಿ ನಾಲ್ಕು ಹೆಜ್ಜೆ ಓಡಿದರು.

"ಹೋಯ್, ಖಾಲಿಯಾದ ಮೇಲೆ ಭರಣಿ ತೊಳೆದು ಬಸ್ಸಿಗೆ ಹಾಕಿ ಕಳ್ಸಿ," ಎಂದು ಕೂಗಿದರು. "ಅದು ನಮ್ಮ ಅತ್ತೆ ಕಾಲದ್ದು."